ಓದುಗರ ಪ್ರಶ್ನೆಗೆ ಉತ್ತರ: ಅಂಕಿತಕ್ಕೊಂದು ಕಾಲಂ, ಊರಿಗೊಂದು ಕಾಲಂ

ಈ ಸಲ ಬಂದ ಪತ್ರಗಳಲ್ಲಿ ಐದು ಒಂದೇ ವಿಷಯಕ್ಕೆ ಸೇರಿವೆ. ಹಸ್ತಪ್ರತಿ, ಕರಪತ್ರ, ಶಾಸನ, ಹಾಡುಗಳ ಡಿಜಿಟಲ್ ಪ್ರತಿ ಮಾಡಿಕೊಂಡವರು ಅವನ್ನು ಮುಕ್ತ ತಂತ್ರಾಂಶ ಬಳಸಿ ಎಲ್ಲರ ಕೈಗೆ ಸಿಗುವ ಹಾಗೆ ಮಾಡುವುದು ಹೇಗೆಂದು ಕೇಳಿದ್ದಾರೆ. ಪತ್ರಗಳೆಲ್ಲ ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳವಾದ್ದರಿಂದ ಈ ಸಂಚಿಕೆಯ ಜಾಗವನ್ನೆಲ್ಲ ಅವಕ್ಕೇ ಕೊಟ್ಟಿದ್ದೇನೆ.

ಪ್ರಶ್ನೆ: ನಮ್ಮ ಮನೆತನದಲ್ಲಿ ಮೂರು ತಲೆಮಾರಿನಿಂದ ಉಳಿದುಬಂದ ದಾಸರ ಪದ ಮತ್ತು ಸುಳಾದಿಗಳ ಹಸ್ತಪ್ರತಿಗಳಿವೆ. ಹೆಚ್ಚಿನವು ಕಾಗದದ ಹೊತ್ತಗೆಗಳು, ಎರಡು ಮಾತ್ರ ಓಲೆಗರಿಯ ಕಟ್ಟುಗಳು. ಸೋದರಳಿಯ, ಸಂಗ್ರಹಗಳನ್ನು ಜಾಲತಾಣವಾಗಿ ತೋರಿಸುವ ಒಮೇಕಾ ಎಸ್ ಎಂಬ ತಂತ್ರಾಂಶವನ್ನು ಹಾಕಿಕೊಟ್ಟಿದ್ದಾನೆ. ಫೋಟೋ ತೆಗೆದು ಏರಿಸುತ್ತಾ ಹೋದರೆ ಸಾಕೇ?
(ನಿವೃತ್ತ ಶಿಕ್ಷಕರು, ಮಾನ್ವಿ)

ಉತ್ತರ: ಮಾನ್ಯರೇ, ತಂತ್ರಾಂಶದ ಆಯ್ಕೆ ಸರಿಯಾಗಿದೆ. ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದ ಇತಿಹಾಸ ಕೇಂದ್ರವೊಂದು 2008ರಲ್ಲಿ ಹೊರತಂದ ಒಮೇಕಾದ ಮುಂದಿನ ರೂಪವೇ 2017ರಲ್ಲಿ ಬಂದ ಒಮೇಕಾ ಎಸ್. ಪಿಎಚ್‌ಪಿ ಮತ್ತು ಮೈಎಸ್‌ಕ್ಯೂಎಲ್ (ಒಂದು ಪ್ರೋಗ್ರಾಮ್ ಭಾಷೆ, ಇನ್ನೊಂದು ವಿವರ ಕೂಡಿಡುವ ದತ್ತಸಂಚಯ, ಅಂದರೆ ಡೇಟಾಬೇಸ್) ಇರುವ ಸಾಧಾರಣ ಸರ್ವರ್‌ನಲ್ಲಿ ಅದು ನಡೆಯುತ್ತದೆ, ಪರವಾನಗಿಗೆ ಹಣ ಕೊಡಬೇಕಾಗಿಲ್ಲ. ಆದರೆ ಫೋಟೋ ಏರಿಸುವ ಕೆಲಸವನ್ನು ಸ್ವಲ್ಪ ತಡೆಯಿರಿ. ಮೊದಲು ಹೊತ್ತಗೆಯನ್ನು ಮುಂದಿಟ್ಟುಕೊಂಡು ಒಂದು ಎಕ್ಸೆಲ್ ಹಾಳೆ ತೆರೆದು, ಪ್ರತಿ ಪದಕ್ಕೂ ಒಂದು ಸಾಲಿನಂತೆ ವಿವರ ಬರೆಯಲು ಕೂಡಿರಿ. ನಿಮ್ಮ ಸಂಗ್ರಹದ ಬೆಲೆ ಇರುವುದು ಆ ಹಾಳೆಯಲ್ಲಿ. ಚಿತ್ರವನ್ನು ನಾಳೆ ಬೇರೊಬ್ಬರು ಮತ್ತೆ ತೆಗೆದಾರು, ಆದರೆ ಯಾವ ಹೊತ್ತಗೆ ಯಾರ ಮನೆಯಿಂದ ಯಾರಿಗೆ ಬಂತು ಎಂಬುದನ್ನು ಬಲ್ಲವರು ಈಗ ನೀವೊಬ್ಬರೇ ಇರಬಹುದು.

ಒಮೇಕಾ ತಾನಾಗಿಯೇ ಕೊಡುವುದು ಡಬ್ಲಿನ್ ಕೋರ್ ಎಂಬ ವಿವರಪದ್ಧತಿ. 1995ರಲ್ಲಿ ಅಮೆರಿಕದ ಓಹಾಯೋ ರಾಜ್ಯದ ಡಬ್ಲಿನ್ ಎಂಬ ಊರಿನಲ್ಲಿ ನಡೆದ ಸಭೆಯಿಂದ ಹುಟ್ಟಿದ ಈ ಪದ್ಧತಿಯಲ್ಲಿ ಶೀರ್ಷಿಕೆ, ಕರ್ತೃ, ವಿಷಯ, ದಿನಾಂಕ, ಹಕ್ಕು ಮೊದಲಾದ 15 ಮೂಲ ಅಂಶಗಳಿವೆ. ಅಂಕಿತಕ್ಕೆ ಅದರಲ್ಲಿ ಜಾಗವಿಲ್ಲ. ದಾಸಸಾಹಿತ್ಯದಲ್ಲಿ ಕರ್ತೃವನ್ನು ಗುರುತಿಸುವುದೇ ಅಂಕಿತದಿಂದ: ವಿಜಯ ವಿಠಲ ಎಂದರೆ ವಿಜಯದಾಸರು, ಗೋಪಾಲ ವಿಠಲ ಎಂದರೆ ಗೋಪಾಲದಾಸರು, ಜಗನ್ನಾಥ ವಿಠಲ ಎಂದರೆ ನಿಮ್ಮ ಮಾನ್ವಿಯ ಜಗನ್ನಾಥದಾಸರು. ಹಾಗೆಂದು ಅಂಕಿತವನ್ನು ನೋಡಿ ನೇರವಾಗಿ ಕರ್ತೃವಿನ ಕಾಲಂನಲ್ಲಿ ಹೆಸರು ಬರೆದುಬಿಡಬೇಡಿ. ಅಂಕಿತ ಪುಟದ ಮೇಲೆ ಕಣ್ಣಿಗೆ ಕಾಣುವ ಸಂಗತಿ, ಕರ್ತೃ ನಾವು ಮಾಡಿಕೊಳ್ಳುವ ತೀರ್ಮಾನ. ಪ್ರತಿಕಾರನ ಕೈತಪ್ಪಿನಿಂದ ಒಂದು ಅಂಕಿತದ ಪದ ಇನ್ನೊಂದಕ್ಕೆ ಸೇರಿಹೋಗಿರುವುದೂ ಉಂಟು. ಎರಡಕ್ಕೂ ಬೇರೆ ಬೇರೆ ಕಾಲಂ ಇದ್ದರೆ ಮುಂದೆ ವಿದ್ವಾಂಸರು ತೀರ್ಮಾನವನ್ನು ತಿದ್ದಬಹುದು, ಕಂಡದ್ದು ಕಂಡಂತೆಯೇ ಉಳಿಯುತ್ತದೆ. ಒಮೇಕಾ ಎಸ್‌ನಲ್ಲಿ ರಿಸೋರ್ಸ್ ಟೆಂಪ್ಲೇಟ್ ಎಂಬ ಸೌಲಭ್ಯವಿದೆ. ಅದರಲ್ಲಿ ಅಂಕಿತ, ರಾಗ, ತಾಳ, ಪಲ್ಲವಿಯ ಮೊದಲ ಸಾಲು, ಪ್ರತಿಕಾರ, ಪ್ರತಿ ಮಾಡಿದ ಊರು ಎಂಬ ಕಾಲಂಗಳನ್ನು ಒಮ್ಮೆ ಸಿದ್ಧಪಡಿಸಿಕೊಂಡರೆ ಪ್ರತಿಯೊಂದು ಪದಕ್ಕೂ ಅದೇ ನಮೂನೆ ಬರುತ್ತದೆ.

ದಿನಾಂಕದ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. ಕೊನೆಯ ಪುಟದಲ್ಲಿ ‘ಸರ್ವಧಾರಿ ಸಂವತ್ಸರ’ ಎಂದಷ್ಟೇ ಇದ್ದರೆ ಅದು 1768-69 ಆಗಿರಬಹುದು, 1828-29 ಆಗಿರಬಹುದು, 1888-89 ಕೂಡ ಆಗಿರಬಹುದು, ಏಕೆಂದರೆ ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಜೊತೆಗೆ ಶಕ 1690 ಎಂದೂ ಇದ್ದರೆ ಮೊದಲನೆಯದೇ ನಿಲ್ಲುತ್ತದೆ. ಆಗಲೂ ಮಾಸ ಪುಷ್ಯವೋ ಮಾಘವೋ ಆಗಿದ್ದರೆ ಇಂಗ್ಲಿಷ್ ವರ್ಷ ಮುಂದಿನದಕ್ಕೆ ದಾಟಬಹುದು. ಆದ್ದರಿಂದ ಪ್ರತಿಯಲ್ಲಿ ಇದ್ದದ್ದನ್ನು ಇದ್ದಂತೆ ಒಂದು ಕಾಲಂನಲ್ಲಿ ಬರೆಯಿರಿ. ಲೆಕ್ಕ ಹಾಕಿದ ಇಸವಿ ಇನ್ನೊಂದರಲ್ಲಿ ಇರಲಿ, ಖಚಿತವಿಲ್ಲದಿದ್ದರೆ ‘1768ರಿಂದ 1769’ ಎಂಬ ವ್ಯಾಪ್ತಿಯಾಗಿಯೇ ಇರಲಿ.

ಊರಿನ ಕಾಲಂ ನಮ್ಮ ಭಾಗದಲ್ಲಿ ಬೇರೆಲ್ಲಿಗಿಂತ ಹೆಚ್ಚು ತೊಡಕಿನದು. ರಾಯಚೂರು 1948ರವರೆಗೆ ನಿಜಾಮರ ಆಡಳಿತದಲ್ಲಿತ್ತು, 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ಬಳ್ಳಾರಿ ಮದ್ರಾಸಿನಿಂದ ಮೈಸೂರಿಗೆ ಸೇರಿದ್ದು 1953ರಲ್ಲಿ. ಕೊಪ್ಪಳ ರಾಯಚೂರಿನಿಂದ ಬೇರೆಯಾದದ್ದು 1997ರಲ್ಲಿ, ಹಂಪಿ ಹೊಸಪೇಟೆಗಳು ಬಳ್ಳಾರಿಯಿಂದ ವಿಜಯನಗರ ಜಿಲ್ಲೆಗೆ ಹೋದದ್ದು 2021ರಲ್ಲಿ. ಆನೆಗೊಂದಿಯ ಒಂದು ಪ್ರತಿ ಹಳೆಯ ಸೂಚಿಯಲ್ಲಿ ರಾಯಚೂರು ಜಿಲ್ಲೆಯದು, ಇಂದಿನ ಸೂಚಿಯಲ್ಲಿ ಕೊಪ್ಪಳ ಜಿಲ್ಲೆಯದು. ಜಿಲ್ಲೆಯ ಹೆಸರಿನ ಮೇಲೆ ಸಂಗ್ರಹವನ್ನು ಕಟ್ಟಿದರೆ ಅದು ಇಪ್ಪತ್ತು ವರ್ಷಕ್ಕೊಮ್ಮೆ ಕೆಡುತ್ತದೆ. ಗ್ರಾಮದ ಹೆಸರು, ಅದರ ಅಕ್ಷಾಂಶ ರೇಖಾಂಶ, ಪ್ರತಿಯಲ್ಲಿಯೇ ಬರೆದಿರುವ ಊರಿನ ರೂಪ, ಈ ಮೂರನ್ನು ದಾಖಲಿಸಿ. ಜಿಲ್ಲೆಯನ್ನು ಕೊನೆಗೆ ಹಾಕಿದರೆ ಸಾಕು.

ಇನ್ನು ಚಿತ್ರ. ಓಲೆಗರಿಯ ಅಕ್ಷರ ಕಂಟದಿಂದ (ಚೂಪು ಮೊನೆಯ ಲೋಹದ ಕಡ್ಡಿಯಿಂದ) ಕೊರೆದದ್ದು, ಮಸಿ ಸವೆದುಹೋದ ಗರಿಯಲ್ಲಿ ನೇರ ಬೆಳಕು ಬಿದ್ದರೆ ಏನೂ ಕಾಣುವುದಿಲ್ಲ. ಅದೇ ಗರಿಗೆ ಎಡಬದಿಯಿಂದ, ಮೇಜಿನ ಮಟ್ಟಕ್ಕೆ ಹತ್ತಿರವಾಗಿ ಒಂದು ದೀಪ ಹಿಡಿದು ನೋಡಿ: ಕೊರೆದ ಗೀರಿನ ಒಂದು ದಡದಲ್ಲಿ ನೆರಳು ಕೂತು ಅಕ್ಷರ ಎದ್ದು ನಿಲ್ಲುತ್ತದೆ. ಒಣಗಿದ ಗರಿಯನ್ನು ಸ್ಕ್ಯಾನರ್ ಗಾಜಿನ ಕೆಳಗೆ ಒತ್ತಲೇಬೇಡಿ, ದಾರದ ರಂಧ್ರದ ಬಳಿ ಸೀಳುತ್ತದೆ. ಪ್ರತಿ ಗರಿಯ ಎರಡೂ ಮಗ್ಗುಲು, ಪಕ್ಕದಲ್ಲಿ ಒಂದು ಅಳತೆಪಟ್ಟಿ, ಬರೆಯದ ಗರಿಯಿದ್ದರೆ ಅದೂ, ಹೊದಿಕೆಯ ಹಲಗೆಯೂ ಚಿತ್ರದಲ್ಲಿ ಬರಲಿ. ಮೂಲ ಕಡತವನ್ನು ಗುಣಮಟ್ಟ ಕುಂದದ ಟಿಫ್ ರೂಪದಲ್ಲಿ ಇಟ್ಟುಕೊಂಡು, ಜಾಲತಾಣಕ್ಕೆ ಅದರಿಂದ ಚಿಕ್ಕ ಪ್ರತಿ ಮಾಡಿಕೊಳ್ಳಿ. ಎ4 ಅಳತೆಯ ಒಂದು ಪುಟವನ್ನು ಇಂಚಿಗೆ 400 ಬಿಂದುಗಳಂತೆ, ಅಂದರೆ 400 ಪಿಪಿಐನಲ್ಲಿ ಬಣ್ಣದಲ್ಲಿ ಸ್ಕ್ಯಾನ್ ಮಾಡಿದರೆ ಸುಮಾರು 46 ಎಂಬಿ ಆಗುತ್ತದೆ, ಸಾವಿರ ಪುಟಕ್ಕೆ 46 ಜಿಬಿ. ಎರಡು ಹಾರ್ಡ್ ಡಿಸ್ಕ್ ಕೊಂಡು ಒಂದನ್ನು ಬೇರೆ ಊರಿನ ನೆಂಟರ ಮನೆಯಲ್ಲಿ ಇಡುವುದು ಈ ಲೆಕ್ಕದಲ್ಲಿ ದೊಡ್ಡ ಖರ್ಚಲ್ಲ.

ಪ್ರಶ್ನೆ: ನಾವು ಎಂಜಿನಿಯರಿಂಗ್ ಅಂತಿಮ ವರ್ಷದ ನಾಲ್ವರು ವಿದ್ಯಾರ್ಥಿಗಳು. ಬಳ್ಳಾರಿಯ ರಂಗಭೂಮಿಗೆ ಸಂಬಂಧಿಸಿದ ಹಳೆಯ ಕರಪತ್ರ ಮತ್ತು ಫೋಟೋಗಳಿಗಾಗಿ ಒಂದು ವೆಬ್ ಅಪ್ಲಿಕೇಶನ್ನನ್ನು ಮೊದಲಿನಿಂದ ನಾವೇ ಬರೆದು ಮುಕ್ತವಾಗಿ ಬಿಡುಗಡೆ ಮಾಡಬೇಕೆಂದಿದ್ದೇವೆ. ಯಾವ ಭಾಷೆಯಲ್ಲಿ ಬರೆಯುವುದು ಒಳ್ಳೆಯದು?
(ವಿದ್ಯಾರ್ಥಿಗಳು, ಬಳ್ಳಾರಿ)

ಉತ್ತರ: ನಿಮ್ಮ ಉತ್ಸಾಹ ದೊಡ್ಡದು, ಅದಕ್ಕೇ ಕೇಳಿಕೊಳ್ಳುತ್ತೇನೆ: ಮೊದಲಿನಿಂದ ಬರೆಯಬೇಡಿ. ಎಂಟು ವರ್ಷಗಳ ಹಿಂದೆ ನಾನೂ ಕೆಲವು ಗೆಳೆಯರೂ ಸೇರಿ ಇಂಥದೇ ಕರಪತ್ರಗಳ ಸಂಗ್ರಹವೊಂದಕ್ಕೆ ಜಾಲತಾಣ ಮಾಡಿಸಿದ್ದೆವು. ಬರೆದುಕೊಟ್ಟ ತರುಣರು ಶ್ರದ್ಧೆಯಿಂದಲೇ ಬರೆದಿದ್ದರು. ಆಮೇಲೆ ಅವರು ನೌಕರಿ ಹಿಡಿದು ಊರು ಬಿಟ್ಟರು, ಒಂದು ವರ್ಷ ಸರ್ವರ್ ಶುಲ್ಕ ಕಟ್ಟುವುದು ತಪ್ಪಿತು, ತಾಣ ಮುಚ್ಚಿಹೋಯಿತು. ನಮ್ಮಲ್ಲಿದ್ದ ನಕಲಿನಲ್ಲಿ ಆರುನೂರು ಚಿತ್ರಗಳಿದ್ದವು. ಪ್ರತಿಯೊಂದರ ಹೆಸರು ತಂತ್ರಾಂಶ ತಾನೇ ಕೊಟ್ಟ ಉದ್ದನೆಯ ಅಂಕಿ ಅಕ್ಷರಗಳ ಸರಣಿ. ವಿವರವೆಲ್ಲ ದತ್ತಸಂಚಯದೊಳಗೆ ಉಳಿದುಹೋಗಿತ್ತು. ನಾಟಕದ ಹೆಸರು, ಕಂಪನಿಯ ಹೆಸರುಗಳನ್ನು ಚಿತ್ರ ನೋಡಿ ಮತ್ತೆ ಬರೆದೆವು. ಆದರೆ ಕೊಟ್ಟವರು ಬಾಯಲ್ಲಿ ಹೇಳಿದ್ದನ್ನು, ‘ಇದು ನಮ್ಮ ತಂದೆಯವರು ಬಣ್ಣ ಹಚ್ಚಿದ ಕೊನೆಯ ನಾಟಕ’ ಎಂಬಂಥ ಮಾತುಗಳನ್ನು, ಮರಳಿ ಪಡೆಯಲು ಆಗಲಿಲ್ಲ. ಹೇಳಿದವರಲ್ಲಿ ಇಬ್ಬರು ಅಷ್ಟರಲ್ಲಿ ತೀರಿಕೊಂಡಿದ್ದರು.

ಸಣ್ಣ ಸಂಗ್ರಹಕ್ಕೆ ನಾನು ಈಗ ಸೂಚಿಸುವುದು ಅಮೆರಿಕದ ಐಡಾಹೊ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಬೆಳೆದ ಕಲೆಕ್ಷನ್‌ಬಿಲ್ಡರ್. ಅದಕ್ಕೆ ದತ್ತಸಂಚಯವೇ ಬೇಡ. ವಿವರಗಳು ಒಂದು ಸಿಎಸ್‌ವಿ ಹಾಳೆಯಲ್ಲಿರುತ್ತವೆ, ಚಿತ್ರಗಳು ಒಂದು ಫೋಲ್ಡರ್‌ನಲ್ಲಿರುತ್ತವೆ, ಎರಡನ್ನೂ ಓದಿ ತಂತ್ರಾಂಶವು ಸಾದಾ ಎಚ್‌ಟಿಎಂಎಲ್ ಪುಟಗಳನ್ನು ಹೆಣೆದುಕೊಡುತ್ತದೆ. ಗಿಟ್‌ಹಬ್‌ನಲ್ಲಿ ಅದನ್ನು ಉಚಿತವಾಗಿ ಇಡಬಹುದು. ಒಂದು ದಿನ ತಾಣ ನಿಂತರೂ ಹಾಳೆ ಮತ್ತು ಫೋಲ್ಡರ್ ನಿಮ್ಮ ಕೈಯಲ್ಲಿಯೇ ಇರುತ್ತವೆ.

ನಿಮ್ಮ ಕೈಚಳಕಕ್ಕೆ ಬೇಕಾದ ಕೆಲಸ ಬೇರೆ ಇದೆ. ಇಂಥ ತಂತ್ರಾಂಶಗಳ ಮೆನು, ಗುಂಡಿ, ಸೂಚನೆಗಳನ್ನು ಓದುಗರಿಗೆ ತಿಳಿಯುವ ಕನ್ನಡಕ್ಕೆ ತರುವುದು, ಪಟ್ಟಿಗಳು ನಮ್ಮ ವರ್ಣಮಾಲೆಯ ಕ್ರಮದಲ್ಲಿ ನಿಲ್ಲುವಂತೆ ಮಾಡುವುದು, ಹುಡುಕಾಟವನ್ನು ಕನ್ನಡಕ್ಕೆ ಒಗ್ಗಿಸುವುದು. ಇವನ್ನು ಮಾಡಿ ಮೂಲ ಯೋಜನೆಗೇ ಮರಳಿಸಿದರೆ ಬಳ್ಳಾರಿಯಲ್ಲಿ ಮಾಡಿದ ಕೆಲಸ ಧಾರವಾಡದವರಿಗೂ ಮಂಗಳೂರಿನವರಿಗೂ ಒದಗುತ್ತದೆ. ಹಕ್ಕಿನ ಬಗ್ಗೆ ಒಂದು ಮಾತು. ತಂತ್ರಾಂಶ ಮುಕ್ತವಾದ ಮಾತ್ರಕ್ಕೆ ಅದರಲ್ಲಿ ಇಟ್ಟ ಚಿತ್ರ ಮುಕ್ತವಾಗುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಲೇಖಕನ ಮರಣದ ನಂತರ 60 ವರ್ಷ, 2012ರ ತಿದ್ದುಪಡಿಯಿಂದೀಚೆಗೆ ಫೋಟೋಗೂ ಛಾಯಾಗ್ರಾಹಕನ ಮರಣದ ನಂತರ 60 ವರ್ಷ ಹಕ್ಕು ಇರುತ್ತದೆ. 1946ರಲ್ಲಿ ತೀರಿಕೊಂಡ ರಂಗನಟ ಬಳ್ಳಾರಿ ರಾಘವರು ತಮ್ಮ ಜೀವಿತಕಾಲದಲ್ಲಿ ಪ್ರಕಟಿಸಿದ ಬರಹದ ಹಕ್ಕಿನ ಅವಧಿ 2006ರ ಕೊನೆಗೆ ಮುಗಿದಿದೆ. 1980ರ ನಾಟಕದ ಫೋಟೋಗೆ ಮಾತ್ರ ಛಾಯಾಗ್ರಾಹಕರ ಅಥವಾ ಅವರ ಮನೆಯವರ ಒಪ್ಪಿಗೆ ಬೇಕು.

ಪ್ರಶ್ನೆ: ನಮ್ಮ ವಿದ್ಯಾರ್ಥಿನಿಯರು ಕೊಪ್ಪಳ ಸುತ್ತಲಿನ ಶಾಸನಗಳ ಪಾಠ ಮತ್ತು ಚಿತ್ರಗಳನ್ನು ಒಂದು ತಾಣದಲ್ಲಿ ಸೇರಿಸಿದ್ದಾರೆ. ಆದರೆ ಹುಡುಕಿದರೆ ಸಿಗುವುದೇ ಇಲ್ಲ. ‘ಕೊಪ್ಪಳ’ ಎಂದು ಹುಡುಕಿದರೆ ಮೂರು ಫಲಿತಾಂಶ ಬರುತ್ತವೆ, ಕಣ್ಣಿಂದ ಎಣಿಸಿದರೆ ನಲವತ್ತಿವೆ. ಗವಿಮಠದ ಅಶೋಕನ ಶಾಸನದ ಬ್ರಾಹ್ಮಿ ಪಾಠವಂತೂ ಬರೀ ಪ್ರಶ್ನಾರ್ಥಕ ಚಿಹ್ನೆಗಳಾಗಿ ಕಾಣುತ್ತದೆ. ದೋಷ ಎಲ್ಲಿದೆ?
(ಇತಿಹಾಸ ಉಪನ್ಯಾಸಕಿ, ಕೊಪ್ಪಳ)

ಉತ್ತರ: ಮೇಡಂ, ತಾವು ಕೇಳಿದ್ದು ಈ ಕೆಲಸದ ತಿರುಳಾದ ಪ್ರಶ್ನೆ. ದೋಷ ಒಂದಲ್ಲ, ಒಂದರ ಮೇಲೊಂದು ಕೂತಿವೆ.

ಬ್ರಾಹ್ಮಿಯದು ಸುಲಭ. ಬ್ರಾಹ್ಮಿ ಲಿಪಿ, ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೊಂದು ಸಂಕೇತ ಕೊಡುವ ಯೂನಿಕೋಡ್‌ಗೆ ಸೇರಿದ್ದು 2010ರಲ್ಲಿ. ಆ ಸಂಕೇತಗಳನ್ನು ಕಂಪ್ಯೂಟರಿನಲ್ಲಿ ಉಳಿಸುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟ್ ಬೇಕು, ಬ್ರಾಹ್ಮಿಗೆ 4 ಬೈಟ್. ಮೈಎಸ್‌ಕ್ಯೂಎಲ್‌ನಲ್ಲಿ ‘ಯುಟಿಎಫ್8’ ಎಂದು ಬಹುಕಾಲ ಕರೆದದ್ದು 3 ಬೈಟ್‌ವರೆಗೆ ಮಾತ್ರ ಹಿಡಿಯುವ ಕ್ರಮ. ಆದ್ದರಿಂದ ಕನ್ನಡ ಸರಿಯಾಗಿ ಉಳಿದು ಬ್ರಾಹ್ಮಿ ಹಾಳಾಗಿದೆ. ಕೋಷ್ಟಕಗಳನ್ನೂ ಸಂಪರ್ಕವನ್ನೂ ‘ಯುಟಿಎಫ್8ಎಂಬಿ4’ಗೆ ಬದಲಿಸಿ, ಬ್ರಾಹ್ಮಿ ಪಾಠವನ್ನು ಮತ್ತೊಮ್ಮೆ ಊಡಿಸಿ. ಈಗಾಗಲೇ ಪ್ರಶ್ನಾರ್ಥಕ ಚಿಹ್ನೆಯಾಗಿ ಕೂತದ್ದು ತಾನಾಗಿ ಮರಳುವುದಿಲ್ಲ.

ಹುಡುಕಾಟಕ್ಕೆ ಬಂದರೆ, ಮೊದಲು ಪಾಠಗಳನ್ನು ಎಲ್ಲಿಂದ ತಂದರೆಂದು ವಿದ್ಯಾರ್ಥಿನಿಯರನ್ನು ವಿಚಾರಿಸಿ. ನುಡಿ, ಬರಹಗಳ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ ಪಾಠವಾಗಿದ್ದರೆ ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತಗಳು, ಫಾಂಟ್ ಮಾತ್ರ ಕನ್ನಡವಾಗಿ ತೋರಿಸುತ್ತದೆ. ಪರಿವರ್ತಕ ಬಳಸಿ ಯೂನಿಕೋಡ್‌ಗೆ ತಂದು, ಒತ್ತಕ್ಷರ ಮತ್ತು ಅರ್ಕಾವತ್ತುಗಳನ್ನು ಸಾಲು ಸಾಲಾಗಿ ನೋಡಿ. ಯೂನಿಕೋಡ್‌ನಲ್ಲಿಯೂ ಒಂದು ಸಿಕ್ಕಿದೆ. ‘ಕೋ’ ಎಂಬ ಒಂದೇ ಅಕ್ಷರದ ಓತ್ವವನ್ನು ಒಂದೇ ಸಂಕೇತವಾಗಿಯೂ ಉಳಿಸಬಹುದು, ಎತ್ವ, ಕೊಂಬಿನ ದೀರ್ಘ, ದೀರ್ಘಚಿಹ್ನೆ ಎಂದು ಮೂರು ತುಂಡಾಗಿಯೂ ಉಳಿಸಬಹುದು. ತೆರೆಯ ಮೇಲೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಎನ್‌ಎಫ್‌ಸಿ ಎಂಬ, ತುಂಡುಗಳನ್ನು ಒಂದೇ ಸಂಕೇತಕ್ಕೆ ತರುವ ನಾರ್ಮಲೈಸೇಶನ್ ಕ್ರಮವನ್ನು ಪಾಠಕ್ಕೂ, ಓದುಗರು ಹುಡುಕಲು ಬರೆಯುವ ಪದಕ್ಕೂ ಅನ್ವಯಿಸಿದರೆ ಇದು ತೀರುತ್ತದೆ. ಅಕ್ಷರಗಳ ನಡುವೆ ಕಾಣದೆ ಕೂತಿರುವ ಶೂನ್ಯ ಅಗಲದ ಸಂಕೇತಗಳನ್ನು ಹುಡುಕಾಟದ ಸೂಚಿಯಿಂದ (ಇಂಡೆಕ್ಸ್) ತೆಗೆಯಿರಿ. ತೋರಿಸುವ ಪಾಠದಿಂದ ತೆಗೆಯಬೇಡಿ.

ತಮ್ಮ ನಲವತ್ತು ಫಲಿತಾಂಶ ಮೂರಕ್ಕೆ ಇಳಿದದ್ದಕ್ಕೆ ಮುಖ್ಯ ಕಾರಣ ವಿಭಕ್ತಿ ಇರಬೇಕು. ಕೊಪ್ಪಳದ, ಕೊಪ್ಪಳಕ್ಕೆ, ಕೊಪ್ಪಳದಲ್ಲಿ ಎಂಬಲ್ಲೆಲ್ಲ ಪದ ಇದ್ದೂ ಇಡೀ ಪದವನ್ನು ಹೋಲಿಸುವ ಯಂತ್ರಕ್ಕೆ ಅದು ಕಾಣುವುದಿಲ್ಲ. ಇಂಗ್ಲಿಷಿಗೆ ಮಾಡಿದ ಹುಡುಕಾಟ ನಮ್ಮ ಭಾಷೆಗೆ ಸಾಲದೆನ್ನುವುದು ಇಲ್ಲಿ. ಸೋಲರ್ ಅಥವಾ ಎಲಾಸ್ಟಿಕ್‌ಸರ್ಚ್ ಎಂಬ ಹುಡುಕಾಟದ ತಂತ್ರಾಂಶ ಬಳಸಿ, ಪದದ ಆರಂಭದ ತುಂಡುಗಳನ್ನೂ ಸೂಚಿಗೆ ಸೇರಿಸುವ ಎಡ್ಜ್ ಎನ್-ಗ್ರಾಮ್ ವಿಧಾನವನ್ನು ಅಳವಡಿಸಿದರೆ ಹೆಚ್ಚಿನವು ಸಿಗುತ್ತವೆ. ಬೇಡದ ಕೆಲವೂ ಸಿಗುತ್ತವೆ ನಿಜ, ಶಾಸನದ ಓದುಗನಿಗೆ ನಾಲ್ಕು ಹೆಚ್ಚು ಬಂದರೆ ತೊಂದರೆಯಿಲ್ಲ, ಒಂದು ತಪ್ಪಿದರೆ ನಷ್ಟ. ಹಳಗನ್ನಡದ ಱ ಮತ್ತು ೞ ಅಕ್ಷರಗಳನ್ನು ಸೂಚಿಯಲ್ಲಿ ರ, ಳ ಆಗಿಯೂ ಸೇರಿಸಿ, ಪಾಠದಲ್ಲಿ ಇದ್ದಂತೆಯೇ ತೋರಿಸಿ. (ಯೂನಿಕೋಡ್ ಪಟ್ಟಿಯಲ್ಲಿ ೞ ಅಕ್ಷರಕ್ಕೆ ತಪ್ಪಾಗಿ ‘ಕನ್ನಡ ಲೆಟರ್ ಫಾ’ ಎಂಬ ಹೆಸರು ಬಿದ್ದಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ ಅದು ಹಾಗೇ ಉಳಿದಿದೆ. ಹೆಸರಿನಿಂದ ಹುಡುಕುವ ವಿದ್ಯಾರ್ಥಿನಿಯರು ಗಾಬರಿಯಾಗದಿರಲಿ.)

ಕೊನೆಯದು ಪರ್ಯಾಯ ರೂಪಗಳ ಪಟ್ಟಿ, ಇದನ್ನು ತಮ್ಮಂಥ ಇತಿಹಾಸದ ಅಧ್ಯಾಪಕರೇ ಮಾಡಬೇಕು. ಕವಿರಾಜಮಾರ್ಗದಲ್ಲಿ ಇರುವುದು ಕೊಪಣ, ಕೊಪ್ಪಳವಲ್ಲ. 1915ರಲ್ಲಿ ಪತ್ತೆಯಾದ ಮಸ್ಕಿಯ ಶಾಸನದಲ್ಲಿ ಇರುವುದು ‘ಅಸೋಕಸ’, ಷಷ್ಠಿಯಲ್ಲಿ, ಸಕಾರದಲ್ಲಿ. ‘ಅಶೋಕ’ ಎಂದು ಹುಡುಕಿದ ಹುಡುಗಿಗೆ, ಅವನ ಹೆಸರನ್ನೇ ಹೊತ್ತು ಪ್ರಸಿದ್ಧವಾದ ಮಸ್ಕಿಯ ಬಂಡೆಯೇ ಸಿಗದೆ ಹೋದರೆ ಆ ತಾಣ ಇದ್ದೂ ಇಲ್ಲದಂತೆ. ಗವಿಮಠ, ಪಾಲ್ಕಿಗುಂಡು, ಮಸ್ಕಿ, ಸಿರುಗುಪ್ಪ ತಾಲೂಕಿನ ನಿಟ್ಟೂರು ಮತ್ತು ಉಡೇಗೋಳ, ಅಶೋಕನ ಶಾಸನಗಳಿರುವ ಈ ಎಲ್ಲ ಕಡೆಗಳ ಊರು ಮತ್ತು ವ್ಯಕ್ತಿನಾಮಗಳ ರೂಪಾಂತರಗಳನ್ನು ಒಂದು ಹಾಳೆಯಲ್ಲಿ ಬರೆದುಕೊಟ್ಟರೆ ವಿದ್ಯಾರ್ಥಿನಿಯರು ಅದನ್ನು ಸಮಾನಾರ್ಥಕಗಳ ಕಡತವಾಗಿ ಯಂತ್ರಕ್ಕೆ ಊಡಿಸಬಲ್ಲರು. ಪಾಠವನ್ನು ಎಪಿಡಾಕ್ ಎಂಬ ಗುರುತು ಪದ್ಧತಿಯಲ್ಲಿ ಬರೆಯುವುದನ್ನೂ ಅವರಿಗೆ ಕಲಿಸಿ. ಕಲ್ಲಿನಲ್ಲಿ ಸವೆದ ಅಕ್ಷರ ಯಾವುದು, ಸಂಪಾದಕರು ಊಹಿಸಿ ತುಂಬಿದ್ದು ಯಾವುದು ಎಂಬುದು ಅದರಲ್ಲಿ ಪ್ರತ್ಯೇಕವಾಗಿ ಉಳಿಯುತ್ತದೆ.

ಪ್ರಶ್ನೆ: ನಮ್ಮ ವಾಚನಾಲಯದ ಹಳೆಯ ನಕಾಶೆಗಳನ್ನು ತಾಣಕ್ಕೆ ಹಾಕಿದ್ದೇವೆ. ಮೊಬೈಲಿನಲ್ಲಿ ತೆರೆಯಲು ನಿಮಿಷಗಟ್ಟಲೆ ಹಿಡಿಯುತ್ತದೆ. ಚಿಕ್ಕದು ಮಾಡಿದರೆ ಊರಿನ ಹೆಸರೇ ಓದಲಾಗುವುದಿಲ್ಲ.
(ವಾಚನಾಲಯದ ಕಾರ್ಯದರ್ಶಿ, ಸಿಂಧನೂರು)

ಉತ್ತರ: ಚಿತ್ರವನ್ನು ಚಿಕ್ಕದು ಮಾಡಬೇಡಿ, ತುಂಡು ಮಾಡಿ. ಟ್ರಿಪಲ್ ಐ ಎಫ್ ಎಂದು ಕರೆಯುವ ಒಂದು ಸಾಮಾನ್ಯ ಕ್ರಮವನ್ನು ಬ್ರಿಟಿಷ್ ಲೈಬ್ರರಿ, ಸ್ಟ್ಯಾನ್‌ಫರ್ಡ್, ಆಕ್ಸ್‌ಫರ್ಡ್ ಮೊದಲಾದ ಗ್ರಂಥಾಲಯಗಳು 2011ರಿಂದ ಸೇರಿ ರೂಪಿಸಿದವು. ಅದರಲ್ಲಿ ಚಿತ್ರದ ವಿಳಾಸದೊಳಗೇ ಯಾವ ಭಾಗ, ಎಷ್ಟು ಗಾತ್ರ, ಎಷ್ಟು ತಿರುವು, ಯಾವ ಗುಣಮಟ್ಟ ಎಂಬುದು ಕ್ರಮವಾಗಿ ಇರುತ್ತದೆ. ಓದುಗ ತುಂಗಭದ್ರೆಯ ದಂಡೆಯನ್ನು ಹಿಗ್ಗಿಸಿದರೆ ಆ ದಂಡೆಯ ತುಂಡುಗಳು ಮಾತ್ರ ಮೊಬೈಲಿಗೆ ಬರುತ್ತವೆ. ಲಿಬ್‌ವಿಪ್ಸ್ ಎಂಬ ಮುಕ್ತ ತಂತ್ರಾಂಶದಿಂದ ತುಂಡುಗಳನ್ನು ಮೊದಲೇ ಕತ್ತರಿಸಿಟ್ಟುಕೊಂಡರೆ ವಿಶೇಷ ಸರ್ವರ್ ಕೂಡ ಬೇಡ, ತೋರಿಸಲು ಓಪನ್‌ಸೀಡ್ರ್ಯಾಗನ್ ಸಾಕು. ಇನ್ನೊಂದು ಸಂಸ್ಥೆಯ ನಕಾಶೆಯನ್ನು ನಿಮ್ಮದರ ಪಕ್ಕದಲ್ಲಿಟ್ಟು ಹೋಲಿಸಬೇಕೆಂದರೆ ಮಿರಾಡೋರ್ ಬಳಸಿ.

ಪ್ರಶ್ನೆ: ನಮ್ಮ ತಾಲೂಕಿನ ತೊಗಲುಗೊಂಬೆ ಆಟದ ಹಾಡುಗಳನ್ನೂ ಗೊಂಬೆಗಳ ಚಿತ್ರಗಳನ್ನೂ ದಾಖಲಿಸುತ್ತಿದ್ದೇನೆ. ಎಲ್ಲವನ್ನೂ ಯಾರು ಬೇಕಾದರೂ ಬಳಸುವ ಹಾಗೆ ಮುಕ್ತವಾಗಿ ಇಡುವುದೇ ಸರಿಯಲ್ಲವೇ?
(ಜಾನಪದ ಸಂಶೋಧನಾ ವಿದ್ಯಾರ್ಥಿ, ಕೊಪ್ಪಳ ಜಿಲ್ಲೆ)

ಉತ್ತರ: ತಂತ್ರಾಂಶವನ್ನು ಮುಕ್ತವಾಗಿಡುವುದು ನಿಮ್ಮ ಕೈಯಲ್ಲಿದೆ. ಹಾಡನ್ನು ಮುಕ್ತವಾಗಿಡುವುದು ಹಾಡಿದವರ ಕೈಯಲ್ಲಿದೆ. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಘೋಷಣೆಯಾದಾಗ ನಾವೆಲ್ಲ ಹೆಮ್ಮೆಪಟ್ಟೆವು. ಆ ಹೆಮ್ಮೆಯಲ್ಲಿ ಈ ಕಲೆ ಕೆಲವು ಮನೆತನಗಳು ತಲೆತಲಾಂತರದಿಂದ ಕಾಪಾಡಿಕೊಂಡು ಬಂದ ಬದುಕಿನ ದಾರಿ ಎಂಬುದನ್ನು ಮರೆಯಬಾರದು. ಕೆಲವು ಗೊಂಬೆಗಳಿಗೆ ಪೂಜೆ ಸಲ್ಲುತ್ತದೆ, ಅವನ್ನು ಆಟದ ಹೊರಗೆ ತೋರಿಸಲು ಮನೆಯವರಿಗೆ ಮನಸ್ಸಿಲ್ಲದಿರಬಹುದು. ಆಸ್ಟ್ರೇಲಿಯಾದ ವಾರುಮುಂಗು ಜನರೊಂದಿಗೆ ಸೇರಿ ರೂಪಿಸಿದ ಮುಕುರ್ತು ಎಂಬ ಮುಕ್ತ ತಂತ್ರಾಂಶ ಇಂಥದಕ್ಕಾಗಿಯೇ ಇದೆ. ಯಾವುದನ್ನು ಎಲ್ಲರೂ ನೋಡಬಹುದು, ಯಾವುದನ್ನು ಸಮುದಾಯದವರು ಮಾತ್ರ ನೋಡಬಹುದು ಎಂಬುದನ್ನು ಒಂದೊಂದು ವಸ್ತುವಿಗೂ ಅದರಲ್ಲಿ ಬೇರೆಯಾಗಿ ಗೊತ್ತುಮಾಡಬಹುದು.

ಒಪ್ಪಿಗೆಯನ್ನು ಇಂಗ್ಲಿಷ್ ನಮೂನೆಯ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡು ಮುಗಿಸಬೇಡಿ. ಅವರಾಡುವ ಮಾತಿನಲ್ಲಿಯೇ ವಿವರಿಸಿ, ಅವರ ಉತ್ತರವನ್ನು ಧ್ವನಿಮುದ್ರಿಸಿ, ಆ ಮುದ್ರಣವನ್ನೂ ಸಂಗ್ರಹದ ಒಂದು ವಸ್ತುವಾಗಿ ಇಡಿ. ಕೇಳಲು ಮಾತ್ರವೇ, ಇಳಿಸಿಕೊಳ್ಳಬಹುದೇ, ವ್ಯಾಪಾರಕ್ಕೆ ಬಳಸಬಹುದೇ ಎಂಬುದನ್ನು ಬೇರೆ ಬೇರೆಯಾಗಿ ಕೇಳಿ, ಬೇರೆ ಬೇರೆ ಕಾಲಂಗಳಲ್ಲಿ ಬರೆಯಿರಿ. ಮುಂದೆ ಬೇಡವೆನಿಸಿದರೆ ಯಾರಿಗೆ ಫೋನ್ ಮಾಡಬೇಕೆಂಬುದನ್ನು ಒಂದು ಚೀಟಿಯಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆದುಕೊಡಿ. ಅವರ ಹಾಡುಗಳನ್ನೆಲ್ಲ ಒಂದು ಪೆನ್‌ಡ್ರೈವ್‌ಗೆ ಹಾಕಿ, ಯಾವ ಹಾಡು ಎಷ್ಟನೆಯದೆಂಬ ಪಟ್ಟಿಯ ಜೊತೆ, ಮೇಳದ ಹಿರಿಯರ ಕೈಗೆ ಮೊದಲು ಮುಟ್ಟಿಸಿ. ತಾಣಕ್ಕೆ ಏರಿಸುವುದನ್ನು ಅದಾದ ಮೇಲೆ ಇಟ್ಟುಕೊಳ್ಳಿ.